ಆ ಗಲಾಟೆಗೆ ಮಗಳನ್ನು ಯಾಕೆ ಕರ್ಕೊಂಡು ಹೋದ್ರಿ?

2025ರ ಮೇ 17ರಂದು ಮುಂಬೈಯ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಗನ್ಸ್ ಎನ್ ರೋಸಸ್ ಕಾರ್ಯಕ್ರಮ ಇತ್ತು. ಏಳನೇ ಕ್ಲಾಸಿನ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಆಮೇಲೆ ಡೊಂಬಿವಲಿಯ ನಮ್ಮ ಕನ್ನಡದವರು ಮದುವೆ, ಪೂಜೆ ಎಲ್ಲಿ ಸಿಕ್ಕಿದರೂ ಒಂದೇ ಪ್ರಶ್ನೆ: "ಅಲ್ಲ ಮಾರಾಯ್ರೆ, ಮಗುವಿಗೆ ಅದೆಲ್ಲ ಏನು ಅರ್ಥ ಆಗ್ತದೆ?"

ಅರ್ಥ ಆಗಲೇಬೇಕು ಅಂತ ಯಾರು ಹೇಳಿದ್ದು? ಊರಲ್ಲಿ ನಮ್ಮನ್ನು ಯಕ್ಷಗಾನಕ್ಕೆ ಕರೆದೊಯ್ಯುವಾಗ ಯಾರೂ ಇದನ್ನು ಕೇಳಲಿಲ್ಲ. ಚಾಪೆ ಹಾಸಿ ಕೂರಿಸುತ್ತಿದ್ದರು. ನಡುರಾತ್ರಿ ನಿದ್ದೆ, ಚಂಡೆಯ ಪೆಟ್ಟಿಗೆ ಎಚ್ಚರ. ಕಥೆ ಅರ್ಧವೂ ತಿಳಿದಿರಲಿಲ್ಲ. ಆದರೆ ದೀವಟಿಗೆ ಬೆಳಕಿನಲ್ಲಿ ಜನರ ನಡುವಿನಿಂದಲೇ ನುಗ್ಗಿ ಬಂದ ಮಹಿಷಾಸುರ ಇವತ್ತಿಗೂ ಕಣ್ಣ ಮುಂದಿದ್ದಾನೆ.

ಈ ಬ್ಯಾಂಡ್ 2012ರಲ್ಲೂ ಮುಂಬೈಗೆ ಬಂದಿತ್ತು. ಆಗ ಗಿಟಾರಿಗೆ ಸ್ಲ್ಯಾಷ್ ಇರಲಿಲ್ಲ, ಬೇಸ್‌ಗೆ ಡಫ್ ಮೆಕೇಗನ್ ಇರಲಿಲ್ಲ. ಅವರಿಲ್ಲದ ಮೇಲೆ ನನ್ನ ಲೆಕ್ಕದಲ್ಲಿ ಅದು ಆ ಬ್ಯಾಂಡೇ ಅಲ್ಲ. ಇಬ್ಬರೂ ವಾಪಸ್ ಬಂದದ್ದು 2016ರಲ್ಲಿ. ಈ ಸಲ ಹಾಡುವ ಆಕ್ಸೆಲ್ ರೋಸ್ ಸೇರಿ ಮೂವರೂ ಒಂದೇ ವೇದಿಕೆಯಲ್ಲಿ. ಆಕ್ಸೆಲ್‌ಗೆ ಆಗಲೇ 63. ಇನ್ನೂ ಕಾಯುತ್ತಾ ಕೂತರೆ ಆಗ್ತದಾ?

"ಪಪ್ಪಾ, ಅವರಿಗೆ ಉಸಿರು ಸಾಲ್ತಾ ಇಲ್ಲ ಅಲ್ವಾ?" ಅಂದಳು ಮಗಳು. ನಿಜ. 1987ರ ಮೊದಲ ಆಲ್ಬಮ್ಮಿನ ಕಿರುಚು ಈಗ ಆ ಗಂಟಲಲ್ಲಿ ಇಲ್ಲ. ಅಭಿಮಾನಿಗಳು ಇದಕ್ಕೆ ಗೊಣಗುತ್ತಾರೆ. ನನಗೆ ಅವಳು ಅದನ್ನು ಗಮನಿಸಿದ್ದೇ ಖುಷಿ. ಫೋನಿನಲ್ಲಿ ಕೇಳುವಾಗ ಹಾಡನ್ನು ಯಾರೋ ಬೆವರು ಸುರಿಸಿ ಮಾಡಿದ್ದು ಅಂತ ಅನ್ನಿಸುವುದೇ ಇಲ್ಲ. ಅಲ್ಲಿ ಕಾಣಿಸುತ್ತದೆ.

"ಕಿವಿ ಹಾಳಾಗಲ್ವಾ?" ಅನ್ನುವವರ ಮಾತಿನಲ್ಲಿ ಹುರುಳಿದೆ. 85 ಡೆಸಿಬೆಲ್ ಸದ್ದನ್ನು 8 ಗಂಟೆ ತಡೆದುಕೊಳ್ಳಬಹುದು ಅನ್ನುತ್ತಾರೆ. ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧ ಆಗುತ್ತದೆ. 100ಕ್ಕೆ ಬಂದರೆ ಬರೀ 15 ನಿಮಿಷ. ರಾಕ್ ಕಾರ್ಯಕ್ರಮದಲ್ಲಿ 100 ಸುಲಭವಾಗಿ ದಾಟುತ್ತದೆ. ಸುಮ್ನೆ ಹತ್ತಿ ತುರುಕಿದರೆ ಪ್ರಯೋಜನ ಇಲ್ಲ. ಫೋಮಿನ ಇಯರ್‌ಪ್ಲಗ್ ತಗೊಳ್ಳಿ. ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಿ. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ತಳ್ಳಿ. ಅದು ಉಬ್ಬುವ ತನಕ ಬೆರಳು ತೆಗೆಯಬೇಡಿ. ತುಂಬಾ ಚಿಕ್ಕ ಮಕ್ಕಳಾದರೆ ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ಫೇ ವಾಸಿ. ಸ್ಪೀಕರಿನ ಹತ್ತಿರವಂತೂ ನಿಲ್ಲಬೇಡಿ.

ರಾತ್ರಿ ತಡವಾಗುವ ಚಿಂತೆ ಅಷ್ಟಿಲ್ಲ. ಬಯಲಿನಲ್ಲಿ ಧ್ವನಿವರ್ಧಕಕ್ಕೆ ಸಾಮಾನ್ಯವಾಗಿ 10 ಗಂಟೆಯ ಗಡಿ. ದಾದರಿನಲ್ಲಿ ಲೋಕಲ್ ರೈಲು ಬದಲಿಸಿ ಮನೆ ಸೇರಬಹುದು. ವಯಸ್ಸಿನ ಮಿತಿ ಮಾತ್ರ ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ, ಒಂದೊಂದು ಕಡೆ ಒಂದೊಂದು ನಿಯಮ.

ಇಷ್ಟಾಗಿ ಅವಳಿಗೆ ಹಿಡಿಸಿದ್ದು ಸ್ಲ್ಯಾಷ್ ಅಲ್ಲ, ಅದೇ ವರ್ಷ ಬ್ಯಾಂಡ್ ಸೇರಿದ ಡ್ರಮ್ಮರ್ ಐಸಾಕ್ ಕಾರ್ಪೆಂಟರ್. ಮನೆಯಲ್ಲಿ ಈಗಲೂ ಅವಳು ಗನ್ಸ್ ಎನ್ ರೋಸಸ್ ಹಾಕುವುದಿಲ್ಲ. ಡ್ರಮ್ಸ್ ಕ್ಲಾಸಿಗೆ ಸೇರಿಸಿ ಅಂತ ಹಟ ಬೇರೆ. ಕೆಳಗಿನ ಫ್ಲ್ಯಾಟಿನವರನ್ನು ಒಂದು ಮಾತು ಕೇಳಬೇಕು.