ಅಂಗಳದಲ್ಲಿ ಮದುವೆ: ನೆರಳು, ಮಳೆ ಮತ್ತು 35 ಕಂಬಗಳ ಲೆಕ್ಕ

ಜನವರಿ 11, ಭಾನುವಾರ

ಅಕ್ಕನ ಮಗಳ ಮದುವೆ ನಿಶ್ಚಯವಾಯಿತು. ಏಪ್ರಿಲ್ 26, ಭಾನುವಾರ, ಬೆಳಿಗ್ಗೆ 11ರ ಹೊತ್ತಿನ ಲಗ್ನ. ಈ ವರ್ಷ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ, ಆ ತಿಂಗಳು ಮದುವೆ ಮಾಡುವುದಿಲ್ಲ. ಅದು ಮುಗಿಯುವಷ್ಟರಲ್ಲಿ ನಮ್ಮ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ. ಹಾಗಾಗಿ ಎಲ್ಲರ ಮನೆಯ ಮದುವೆಯೂ ಏಪ್ರಿಲ್ ಕೊನೆಗೆ, ಮೇ ಮೊದಲಿಗೆ ಬಂದು ಕೂತಿದೆ. ಸಾಗರದಲ್ಲಿ ವಿಚಾರಿಸಿದ ಮೂರು ಕಲ್ಯಾಣ ಮಂಟಪಗಳೂ ಆ ದಿನಕ್ಕೆ ಸಿಗಲಿಲ್ಲ.

ಅಕ್ಕನಿಗೆ ಚಿಂತೆ ಹತ್ತಿತು. ಹುಡುಗಿಗೆ ಮಾತ್ರ ಖುಷಿ. "ಮಾವ, ನಂಗೆ ಮೊದಲಿಂದಲೂ ನಮ್ಮನೆ ಅಂಗಳದಲ್ಲೇ ಮದುವೆ ಆಗ್ಬೇಕು ಅಂತಿತ್ತು. ಚಪ್ಪರದ ಕೆಲಸ ನೀನೇ ನೋಡ್ಕೋ" ಎಂದಳು. ಲಗ್ನದ ಹೊತ್ತಿಗೆ ಅವಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವನಾದ ನಾನೇ. ಆ ಮಂಟಪವನ್ನೂ ನಾನೇ ಕಟ್ಟುವುದಾದರೆ ಅದಕ್ಕಿಂತ ದೊಡ್ಡ ಸಂತೋಷ ಯಾವುದಿದೆ? ಅಲ್ಲೇ ಒಪ್ಪಿಕೊಂಡೆ. ಇವತ್ತಿನಿಂದ ಇದನ್ನು ಬರೆದಿಡುತ್ತೇನೆ. ಮುಂದೆ ಯಾರಾದರೂ ಮನೆಯಂಗಳದಲ್ಲಿ ಮದುವೆ ಮಾಡಹೊರಟರೆ ಅವರಿಗೂ ಬೇಕಾಗಬಹುದು.

ಅಂಗಳ ಅಳೆದೆ. ಉದ್ದ 60 ಅಡಿ, ಅಗಲ 40. ಮನೆ ಪೂರ್ವಕ್ಕೆ ಮುಖ ಮಾಡಿದೆ, ಅಂಗಳ ಅದರ ಮುಂದೆ. ತೆಂಕು ಅಂಚಿನಲ್ಲಿ ದೊಡ್ಡ ಹಲಸಿನ ಮರ. ಮಧ್ಯಾಹ್ನ ನೋಡಿದರೆ ಅದರ ನೆರಳು ಅಂಗಳದೊಳಗೆ ಸುಮಾರು 30 ಅಡಿವರೆಗೆ ಚಾಚಿತ್ತು. ಆ ನೆರಳಿನ ಉದ್ದಕ್ಕೂ ಗೂಟ ಹೊಡೆದು, ಹಿರಿಯರ ಕುರ್ಚಿಗಳು ಇಲ್ಲಿ ಎಂದು ಗುರುತು ಮಾಡಿಕೊಂಡೆ.

ಅಂಗಳ ಸದ್ಯಕ್ಕೆ ನಮ್ಮ ಕೈಯಲ್ಲಿಲ್ಲ. ಅಡಿಕೆ ಸುಲಿತ ಇನ್ನೂ ಮುಗಿದಿಲ್ಲ, ಅಂಗಳದಲ್ಲಿ ಕಂಬ ನೆಟ್ಟು ಕಟ್ಟಿದ ಅಟ್ಟದ ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿದೆ. ಫೆಬ್ರವರಿ ಕೊನೆಗೆ ಖಾಲಿ ಮಾಡಿಕೊಡುತ್ತೇನೆ ಎಂದು ಭಾವ ಹೇಳಿದ್ದಾರೆ.

ಫೆಬ್ರವರಿ 22, ಭಾನುವಾರ

ಗೂಟದ ಲೆಕ್ಕ ತಪ್ಪಿತು. ನೆರಳು ಗೂಟದಿಂದ ತುಂಬ ಹಿಂದಕ್ಕೆ ಸರಿದಿದೆ! ಕೊಂಬೆ ಯಾರೂ ಕಡಿದಿಲ್ಲ. ಹತ್ತು ಅಡಿಯ ಬಿದಿರಿನ ಗಳುವೊಂದನ್ನು ನೆಟ್ಟಗೆ ನಿಲ್ಲಿಸಿ ಮಧ್ಯಾಹ್ನ ಹನ್ನೆರಡೂವರೆಗೆ ಅಳೆದೆ. ನೆರಳು ನಾಲ್ಕೂವರೆ ಅಡಿ.

ಊರಿನ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ಮಣ್ಣಿನ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸಿದರು. ಜನವರಿಯಲ್ಲಿ ಸೂರ್ಯ ತೆಂಕಣಕ್ಕೆ ವಾಲಿರುತ್ತಾನೆ, ಅದಕ್ಕೇ ತೆಂಕಲ ಮರದ ನೆರಳು ಬಡಗಲಿಗೆ ಉದ್ದ ಬೀಳುತ್ತದೆ. ದಿನ ಕಳೆದಂತೆ ಅವನು ಮೇಲೇರುತ್ತಾನೆ. ಸಾಗರ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಅವನು ಮಧ್ಯಾಹ್ನಕ್ಕೆ ನೆತ್ತಿಯ ಮೇಲೇ ಬಂದುಬಿಡುತ್ತಾನೆ. ಶೂನ್ಯ ನೆರಳಿನ ದಿನ ಅನ್ನುತ್ತಾರಲ್ಲ, ಅದು ಬೆಂಗಳೂರಿಗೆ ಏಪ್ರಿಲ್ 24ರ ಹೊತ್ತಿಗೆ ಬರುತ್ತದೆ. ನಮಗೆ ಅದಾಗಿ ಮೂರ್ನಾಲ್ಕು ದಿನಕ್ಕೆ. ಅಂದರೆ ಮದುವೆಯ ದಿನವೇ ಹೆಚ್ಚೂಕಡಿಮೆ ನೆರಳಿಲ್ಲದ ದಿನ. ಹಲಸಿನ ಮರದ ನೆರಳು ಕೊಂಬೆಗಳ ಕೆಳಗೇ ಉಳಿಯುತ್ತದೆ, ಅಂಗಳದೊಳಕ್ಕೆ ಚಾಚುವುದಿಲ್ಲ.

ಇದೊಂದು ಮಾತು ಮೊದಲೇ ಗೊತ್ತಾಗಿದ್ದು ದೊಡ್ಡ ಉಪಕಾರ. ಬಯಲಲ್ಲಿ ಮದುವೆ ಮಾಡುವವರು ಜಾಗ ನೋಡಲು ಚಳಿಗಾಲದಲ್ಲಿ ಹೋಗುತ್ತಾರೆ, ಮದುವೆ ಬೇಸಿಗೆಯಲ್ಲಿ ಇಟ್ಟಿರುತ್ತಾರೆ. ಆ ಎರಡು ನೆರಳೂ ಒಂದೇ ಅಲ್ಲ. ಮರ ನಂಬಿಕೊಂಡು ಕೂರುವ ಹಾಗಿಲ್ಲ, ನೆತ್ತಿಯ ಮೇಲೆ ಚಪ್ಪರವೇ ಬೇಕು.

ಗೂಟ ಕಿತ್ತೆ. ಇಡೀ ಅಂಗಳಕ್ಕೆ ಚಪ್ಪರ ಎಂದು ತೀರ್ಮಾನವಾಯಿತು.

ಮಾರ್ಚ್ 8, ಭಾನುವಾರ

ಅಡಿಕೆ ಮನೆಯೊಳಗೆ ಹೋಯಿತು. ಅಂಗಳ ಈಗ ನಮ್ಮದು.

ಹತ್ತು ಅಡಿಗೊಂದು ಕಂಬ. ಉದ್ದಕ್ಕೆ 7, ಅಗಲಕ್ಕೆ 5, ಒಟ್ಟು 35. ಸತ್ತ ಅಡಿಕೆ ಮರಗಳೇ ಕಂಬ, ಭಾವನ ತೋಟದಲ್ಲೇ ಸಿಕ್ಕವು. ಅಟ್ಟದ ಹಳೆಯ ಗುಳಿಗಳಲ್ಲಿ 14 ನಮ್ಮ ಲೆಕ್ಕಕ್ಕೆ ಸರಿಯಾಗಿ ಕೂತವು. ಉಳಿದವನ್ನು ಎರಡು ಅಡಿ ಆಳಕ್ಕೆ ಹೊಸದಾಗಿ ತೆಗೆಯುತ್ತಿದ್ದೇವೆ. ಜಂಬಿಟ್ಟಿಗೆ ನೆಲ, ಹಾರೆ ಹಾಕಿದರೆ ಠಣ್ ಅನ್ನುತ್ತದೆ. ದಿನಕ್ಕೆ ನಾಲ್ಕು ಗುಳಿಗಿಂತ ಜಾಸ್ತಿ ಆಗುತ್ತಿಲ್ಲ.

ಹುಡುಗಿಗೆ ಇನ್ನೊಂದು ಆಸೆ ಇತ್ತು. ಊಟ ಅಡಿಕೆ ತೋಟದೊಳಗೆ, ಸಾಲು ಮರಗಳ ನಡುವೆ ಆಗಬೇಕು ಎಂದು. ನನಗೂ ಅದು ಚಂದ ಅನ್ನಿಸಿತು. ತೋಟದಲ್ಲಿ ತಂಪೂ ಇದೆ. ಇಬ್ಬರೂ ಮಧ್ಯಾಹ್ನ ಹೋಗಿ ಒಂದು ತಾಸು ನಿಂತೆವು. ನಿಂತಿದ್ದಾಗಲೇ ಹಾಳೆ ಸಮೇತ ಒಂದು ಸೋಗೆ ನಮ್ಮಿಂದ ಹತ್ತು ಹೆಜ್ಜೆ ದೂರಕ್ಕೆ ಧೊಪ್ ಎಂದು ಬಿತ್ತು. ಅಷ್ಟು ಎತ್ತರದಿಂದ ಬೀಳುವ ಹಾಳೆ ಊಟಕ್ಕೆ ಕೂತವರ ತಲೆಗೆ ಬಡಿದರೆ? ಜೊತೆಗೆ ಬಸಿಗಾಲುವೆಗಳು ಬೇರೆ, ವಯಸ್ಸಾದವರು ದಾಟುವುದು ಕಷ್ಟ. ಅವಳೇ "ಬೇಡ ಮಾವ" ಎಂದಳು. ಮುಖ ಸ್ವಲ್ಪ ಸಣ್ಣದಾಯಿತು. ಅದಕ್ಕೇ ಊಟದ ಸಾಲುಗಳನ್ನು ಅಂಗಳದ ಪೂರ್ವದ ತುದಿಗೆ, ತೋಟಕ್ಕೆ ಮುಖ ಮಾಡಿ ಹಾಕೋಣ ಎಂದೆ. ಉಣ್ಣುವಾಗ ಕಣ್ಣೆದುರಿಗೆ ತೋಟ ಇರುತ್ತದೆ.

ಮಾರ್ಚ್ 22, ಭಾನುವಾರ

ಯುಗಾದಿ ಮುಗಿಯಿತು. ಗಳುವಿನ ನೆರಳು ಎರಡೂವರೆ ಅಡಿ.

ಅಡುಗೆ ಭಟ್ಟರು ಬಂದಿದ್ದರು. ಅವರು ಜನ ಎಷ್ಟು ಎಂದು ಕೇಳುವುದಿಲ್ಲ, ಎಲೆ ಎಷ್ಟು ಎಂದು ಕೇಳುತ್ತಾರೆ. 450 ಎಲೆ ಎಂದೆವು. ಒಂದು ಪಂಕ್ತಿಗೆ 150, ಮೂರು ಪಂಕ್ತಿ. ಒಂದು ಎಲೆಗೆ ಎರಡಡಿ ಜಾಗ ಹಿಡಿದರೆ 50 ಅಡಿಯ ಸಾಲಿನಲ್ಲಿ 25 ಜನ, ಆರು ಸಾಲು ಬೇಕು. ಬಡಿಸುವವರು ಓಡಾಡಲು ಸಾಲಿನ ನಡುವೆ ಜಾಗ ಬಿಡಬೇಕಲ್ವಾ. ಹಾಗೆ ಲೆಕ್ಕ ಹಾಕಿದಾಗ ಅಂಗಳ ಸಾಲದು ಎಂದು ಗೊತ್ತಾಯಿತು. ಅಂಗಳದ ಹೊರಗೆ, ಪೂರ್ವದ ಕಣದಲ್ಲಿ, ಇನ್ನೊಂದು ಸಣ್ಣ ಚಪ್ಪರ ಎಬ್ಬಿಸುತ್ತೇವೆ. ಅದಕ್ಕೆ ಬಾಡಿಗೆಯ ಶಾಮಿಯಾನ ಸಾಕು.

ಊಟದ ಪಟ್ಟಿ ಕಾಲಕ್ಕೆ ತಕ್ಕ ಹಾಗೆ ತಾನೇ ತಾನಾಗಿ ಆಯಿತು: ಎಳೆ ಹಲಸಿನಕಾಯಿ ಪಲ್ಯ, ಮಾವಿನಹಣ್ಣಿನ ಸಾಸಿವೆ, ಮಾವಿನಕಾಯಿಯ ನೀರಾದ ಅಪ್ಪೆಹುಳಿ, ತಂಬುಳಿ, ಹೋಳಿಗೆ. ಬಂದವರಿಗೆ ಮೊದಲು ಬೆಲ್ಲ, ಪುನರ್ಪುಳಿ ಪಾನಕ. ಬಿಸಿಲಲ್ಲಿ ಬಂದವರಿಗೆ ಅಪ್ಪೆಹುಳಿ ಒಂದು ಲೋಟ ಸಿಕ್ಕಿದರೆ ಜೀವ ತಂಪಾಗುತ್ತದೆ. ಅದನ್ನು ದೊಡ್ಡ ಹಂಡೆಯಲ್ಲೇ ಮಾಡಿ ಎಂದು ಭಟ್ಟರಿಗೆ ಎರಡು ಸಲ ಹೇಳಿದ್ದೇನೆ.

ಒಲೆ ಎಲ್ಲಿ ಎಂಬುದು ಚರ್ಚೆಯಾಯಿತು. ಕಣದ ಆಚೆಗೆ ದೊಡ್ಡ ಮರವೊಂದರಲ್ಲಿ ಹೆಜ್ಜೇನು ಕಟ್ಟಿದೆ, ನಾಲ್ಕು ರೊಟ್ಟು. ಹೊಗೆ ಆ ಕಡೆಗೆ ಹೋದರೆ ಹುಳ ಏಳುತ್ತವೆ, ಮದುವೆ ಮನೆ ಚೆಲ್ಲಾಪಿಲ್ಲಿಯಾಗುತ್ತದೆ. ಹೆಜ್ಜೇನು ಓಡಿಸೋಣ ಎಂದವರೂ ಇದ್ದರು. ನಾನು, ಭಾವ ಇಬ್ಬರೂ ಒಪ್ಪಲಿಲ್ಲ. ಅವು ನಮಗಿಂತ ಮೊದಲು ಬಂದು ಕೂತಿವೆ, ಮಳೆಗಾಲಕ್ಕೆ ತಾವೇ ಹೋಗುತ್ತವೆ. ನಾಲ್ಕು ದಿನ ಒಣಹುಲ್ಲು ಸುಟ್ಟು ಹೊಗೆ ಎತ್ತ ಹೋಗುತ್ತದೆ ಎಂದು ದೂರದಿಂದ ನೋಡಿದೆವು. ಬೆಳಗ್ಗೆ ಗಾಳಿ ಇಲ್ಲ, ಮಧ್ಯಾಹ್ನದ ಮೇಲೆ ಪಡುವಣದಿಂದ ಬೀಸುತ್ತದೆ. ಒಲೆ ಮನೆಯ ಬಡಗಲ ಬದಿಗೆ ಹೋಯಿತು. ಗರ್ನಾಲು, ಪಟಾಕಿ ಪೂರ್ತಿ ಬೇಡ ಎಂದು ಗಂಡಿನ ಕಡೆಯವರಿಗೂ ಹೇಳಿಯಾಯಿತು. ಅವರು ಹುಬ್ಬಳ್ಳಿಯವರು, ಹೆಜ್ಜೇನು ಎಂದ ಕೂಡಲೇ ಒಪ್ಪಿದರು.

ಏಪ್ರಿಲ್ 5, ಭಾನುವಾರ

ಚಪ್ಪರ ಎದ್ದು ನಿಂತಿತು!

ನಡುಸಾಲಿನ ಕಂಬ 14 ಅಡಿ, ಎರಡೂ ಅಂಚಿನಲ್ಲಿ 9 ಅಡಿ. 20 ಅಡಿಗೆ 5 ಅಡಿ ಇಳಿಜಾರು. ಬಿದಿರಿನ ಗಳು ಕಟ್ಟಿ, ಮೇಲೆ ಸಿಲ್ಪಾಲಿನ್ ಎಂಬ ದಪ್ಪ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಅಡಿಕೆ ಸೋಗೆ. ಬರಿಯ ಸೋಗೆ ಹಾಕಿದರೆ ಮಳೆ ಸೋರುತ್ತದೆ. ಬರಿಯ ಹಾಳೆ ಹಾಕಿದರೆ ಕೆಳಗೆ ಬೇಯುತ್ತದೆ. ಎರಡೂ ಸೇರಿದರೆ ಕೆಳಗೆ ಕೂತವರಿಗೆ ವ್ಯತ್ಯಾಸ ಮೈಗೇ ಗೊತ್ತಾಗುತ್ತದೆ. ನೆತ್ತಿಯ ಉದ್ದಕ್ಕೂ ಒಂದಡಿ ಸಂದು ಬಿಟ್ಟು, ಮೇಲೆ ಬೇರೆ ಹಾಳೆಯನ್ನು ಟೊಪ್ಪಿಯ ಹಾಗೆ ಎತ್ತರಿಸಿ ಕಟ್ಟಿದ್ದೇವೆ. ಬಿಸಿಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ. ಜೋರು ಗಾಳಿ ಚಪ್ಪರವನ್ನು ಹೊತ್ತೊಯ್ಯುವ ಭಯವೂ ಕಡಿಮೆ.

ಮಂಟಪ ನಡುವೆ. ಒಣ ಸೋಗೆಯ ಕೆಳಗೆ ಹೋಮ ಮಾಡುವುದು ಎಂದರೆ ಹುಡುಗಾಟ ಅಲ್ಲ. ಹೋಮಕುಂಡದ ನೇರಕ್ಕೆ ಸೋಗೆ, ಹಾಳೆ ಎರಡನ್ನೂ ತೆಗೆದು ತಗಡು ಹಾಕಿದೆವು. ಮಂಟಪದ ಹಿಂದೆ ನಾಲ್ಕು ಕೊಡ ನೀರು, ಒದ್ದೆ ಗೋಣಿಚೀಲ ಇಡಬೇಕು. ಅದನ್ನು ನೋಡಿಕೊಳ್ಳಲು ಪಕ್ಕದ ಮನೆಯ ಹುಡುಗ ಒಪ್ಪಿದ್ದಾನೆ.

ಅಲಂಕಾರಕ್ಕೆ ಥರ್ಮೋಕೋಲ್ ಇಲ್ಲ, ಫ್ಲೆಕ್ಸ್ ಇಲ್ಲ. ಕಾನೂನೂ ಬಿಡುವುದಿಲ್ಲ, ನಮಗೂ ಬೇಕಿಲ್ಲ. ಬಾಳೆಕಂಬ, ಮಾವಿನ ತೋರಣ, ಮಂಟಪದ ನಾಲ್ಕು ಮೂಲೆಗೆ ಹಿಂಗಾರ, ಅಂದರೆ ಅಡಿಕೆಯ ಹೂಗೊಂಚಲು. ಒಂದು ಹಿಂಗಾರ ಕೊಯ್ದರೆ ಮುಂದಿನ ಒಂದು ಗೊನೆ ಹೋದಂತೆ. ಆದರೂ ಭಾವ ಲೆಕ್ಕ ಮಾಡದೆ ಎಂಟು ಕೊಡುತ್ತೇನೆ ಎಂದರು. ಜಗಲಿಯ ಗೋಡೆಗೆ ಹಸೆ ಚಿತ್ತಾರ. ನಮ್ಮ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಗೆಂದೇ ಬರೆಯುವ ಚಿತ್ರ ಇದು. ಊರಿನ ಅಜ್ಜಿಯೊಬ್ಬರು ಬರೆದುಕೊಡುತ್ತಿದ್ದಾರೆ. ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಅಳತೆಪಟ್ಟಿ ಇಲ್ಲದೆ ಅವರು ಎಳೆಯುವ ಗೆರೆ ನನ್ನ ದಾರ ಕಟ್ಟಿ ನೆಟ್ಟ ಕಂಬಕ್ಕಿಂತ ನೆಟ್ಟಗಿದೆ. ಹುಡುಗಿ ದಿನಾ ಅವರ ಪಕ್ಕ ಕೂತು ಕಲಿಯುತ್ತಿದ್ದಾಳೆ.

ಏಪ್ರಿಲ್ 16, ಗುರುವಾರ

ನಿನ್ನೆ ಸಂಜೆ ಅಶ್ವಿನಿ ಮಳೆ ಬಂತು. ನಲವತ್ತು ನಿಮಿಷ, ಗುಡುಗು, ಗಾಳಿ. ನಾನು ಅಂಗಳದಲ್ಲೇ ನಿಂತು ನೋಡಿದೆ.

ಚಪ್ಪರ ಅಲ್ಲಾಡಲಿಲ್ಲ. ಆದರೆ ಬಡಗಲ ಅಂಚಿನಲ್ಲಿ ಒಂದು ಕಡೆ ಗಳುಗಳ ನಡುವೆ ಅಂತರ ಜಾಸ್ತಿ ಆಗಿತ್ತು. ಅಲ್ಲಿ ಹಾಳೆ ಹೊಟ್ಟೆ ಬಿಟ್ಟು ನೀರು ನಿಂತಿತು. ಒಂದು ಚದರ ಮೀಟರಿನಲ್ಲಿ ಹತ್ತು ಸೆಂಟಿಮೀಟರ್ ನೀರು ನಿಂತರೆ ನೂರು ಲೀಟರ್, ಅಂದರೆ ನೂರು ಕಿಲೋ ಭಾರ ತಲೆಯ ಮೇಲೆ. ಕೋಲಿನಿಂದ ಎತ್ತಿ ಚೆಲ್ಲಿದೆವು. ಇವತ್ತು ಬೆಳಗ್ಗೆ ಆ ಸಾಲಿಗೆ ಆರು ಗಳು ಹೆಚ್ಚಿಗೆ ಕಟ್ಟಿಯಾಯಿತು. ಮಾಡಿನಿಂದ ಬಿದ್ದ ನೀರು ಒಲೆಯ ಕಡೆಗೇ ಹರಿದಿತ್ತು. ಅದಕ್ಕೊಂದು ಕಾಲುವೆ ಕಡಿದು ತೋಟಕ್ಕೆ ಬಿಟ್ಟಿದ್ದೇವೆ.

ದೊಡ್ಡ ಪಾಠ ಆಗಿದ್ದು ಗದ್ದೆಯಲ್ಲಿ. ಕೊಯ್ಲಾದ ಗದ್ದೆ ಗಟ್ಟಿ ಇದೆ, ಅಲ್ಲೇ ಕಾರು ನಿಲ್ಲಿಸಬಹುದು ಎಂದುಕೊಂಡಿದ್ದೆ. ಪಾತ್ರೆ ತಂದ ಗೂಡ್ಸ್ ಗಾಡಿ ಅದೇ ಒಂದು ಮಳೆಗೆ ಚಕ್ರದ ಅರ್ಧಕ್ಕೆ ಹೂತುಹೋಯಿತು. ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು. ಪಾಪ, ಡ್ರೈವರು ರಾತ್ರಿ ಒಂಬತ್ತರವರೆಗೆ ಕಾದ. ಇನ್ನು ಗದ್ದೆ ಬೇಡ. ಕಾರುಗಳು ಮೇಲಿನ ಬೇಣದಲ್ಲಿ (ಹುಲ್ಲುಗಾವಲಲ್ಲಿ), ಜಂಬಿಟ್ಟಿಗೆ ನೆಲದ ಮೇಲೆ. ಅಲ್ಲಿಂದ ಮನೆಗೆ ನಾನೂರು ಹೆಜ್ಜೆ ಇಳಿಜಾರು. ಹಿರಿಯರಿಗೆ ಎರಡು ಆಟೋ ಹೇಳಿದ್ದೇವೆ.

ಮಳೆ ಬರುವುದು ಹೆಚ್ಚಾಗಿ ಮೂರು, ನಾಲ್ಕು ಗಂಟೆ ಮೇಲೆ. ಸಂಜೆಯ ಆರತಕ್ಷತೆ ಬಿಟ್ಟೆವು. ಹಾರೈಸುವವರೆಲ್ಲ ಊಟದ ಹೊತ್ತಿಗೇ ಹಾರೈಸಲಿ.

ಏಪ್ರಿಲ್ 21, ಮಂಗಳವಾರ

ಇನ್ನು ಐದು ದಿನ. ಬಾವಿಯ ನೀರು ಇಳಿದಿದೆ, ಶನಿವಾರ ಎರಡು ಟ್ಯಾಂಕರ್ ಬರುತ್ತದೆ. ಬಾಡಿಗೆ ಶೌಚಾಲಯ ನಾಲ್ಕು, ಜನರೇಟರ್ ಒಂದು, ಎರಡೂ ಶುಕ್ರವಾರಕ್ಕೆ. ಅಂಗಳದ ಮೇಲೆ ಬಾಗಿದ ಕೊಂಬೆಗಳಿಂದ ಹಲಸಿನಕಾಯಿ ಇಳಿಸಿಯಾಯಿತು, ಅರ್ಧ ಭಟ್ಟರ ಲೆಕ್ಕಕ್ಕೆ ಹೋಯಿತು. ಅಂಗಳಕ್ಕೆ ಒಂದು ಸಲ ಸಗಣಿ ಸಾರಿಸಿದ್ದೇವೆ. ಇನ್ನೊಂದು ಸಲ ಶನಿವಾರ ಬೆಳಗ್ಗೆ, ಮಳೆ ನೋಡಿಕೊಂಡು. ಪಂಚಾಂಗದ ಪ್ರಕಾರ ಮದುವೆಯ ಮರುದಿನ ಭರಣಿ ಮಳೆ ಹುಟ್ಟುತ್ತದೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರೆ. ಬರಲಿ, ಒಂದು ದಿನ ತಡೆದು ಬರಲಿ ಎಂದು ಅಕ್ಕ ದೇವರಿಗೆ ಹೇಳಿಕೊಂಡಿದ್ದಾಳೆ.

ಮಧ್ಯಾಹ್ನ ಹನ್ನೆರಡೂವರೆಗೆ ಚಪ್ಪರದ ಹೊರಗೆ ಗಳು ನಿಲ್ಲಿಸಿದೆ. ಹುಡುಗಿ ಕೈಯಲ್ಲಿ ಚಿತ್ತಾರದ ಕೆಮ್ಮಣ್ಣು ಹಾಗೇ ಇಟ್ಟುಕೊಂಡು ಓಡಿ ಬಂದು, ಬಗ್ಗಿ, ನೆರಳಿನ ಮೇಲೆ ಬೆರಳಿಟ್ಟು ಅಳೆದಳು. ಹತ್ತಡಿಯ ಗಳುವಿಗೆ ಒಂದು ಗೇಣು ಕೂಡ ಇಲ್ಲ. ಅವಳ ಬೆರಳಿನ ಕೆಂಪು ಗುರುತು ನೆಲದ ಮೇಲೆ ಉಳಿದಿದೆ. ಶನಿವಾರ ಸಾರಿಸುವವರೆಗೆ ಅದನ್ನು ಯಾರೂ ತುಳಿಯಬಾರದು ಎಂದು ಸುತ್ತ ನಾಲ್ಕು ಕಲ್ಲು ಇಟ್ಟಿದ್ದೇನೆ.