ವಿಂಡೋ ಒಳಗೊಂದು ಕಣ್ಣು

ವಿಂಡೋ ಅನ್ನೋ ಪದ ಬಿಡಿಸಿ ನೋಡಿದ್ರೆ ಒಳಗೆ ಗಾಳಿ ಇದೆ, ಕಣ್ಣಿದೆ. ಅದು ಮೂಲದಲ್ಲಿ ಇಂಗ್ಲಿಷ್ ಪದಾನೇ ಅಲ್ಲ, ನಾರ್ವೆ, ಡೆನ್ಮಾರ್ಕ್ ಕಡೆಯ ವೈಕಿಂಗ್ ಜನ ಆಡ್ತಿದ್ದ ಹಳೇ ನಾರ್ಸ್ ಭಾಷೇದು. ಅವರ ಬಾಯಲ್ಲಿ ವಿಂದ್‌ಔಗ. ವಿಂದ್ರ್ ಅಂದ್ರೆ ಗಾಳಿ, ಔಗ ಅಂದ್ರೆ ಕಣ್ಣು. ಗಾಳಿಗಣ್ಣು ಅಂತೀನಿ ನಾನು.

793ರಲ್ಲಿ ಇಂಗ್ಲೆಂಡ್ ಕರಾವಳಿಯ ಲಿಂಡಿಸ್‌ಫಾರ್ನ್ ಮಠ ಲೂಟಿ ಮಾಡಿದ ಈ ಜನ ಮುಂದಿನ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರಕ್ಕೆ, ಪೂರ್ವಕ್ಕೆ ಬಂದು ಹೊಲ ಮನೆ ಮಾಡ್ಕೊಂಡು ಅಲ್ಲೇ ಉಳಿದುಬಿಟ್ರು, ಅಕ್ಕಪಕ್ಕದವರ ಜೊತೆ ಮಾತಾಡ್ತಾ ಮಾತಾಡ್ತಾ ಎಗ್, ನೈಫ್, ಸ್ಕೈ ಎಲ್ಲಾ ಇಂಗ್ಲಿಷಿಗೆ ಸೇರಿಕೊಂಡ್ವು. ಹಸ್ಬೆಂಡ್ ಕೂಡ ಅವರದೇ, ಮನೆ ಯಜಮಾನ ಅಂತ ಅರ್ಥ. ನಮ್ಮಲ್ಲಿ ಹೆಂಗಸರು "ನಮ್ಮ ಯಜಮಾನ್ರು" ಅಂತಾರಲ್ಲ, ಥೇಟ್ ಅದೇ!

ಅದಕ್ಕೂ ಮುಂಚೆ ಇಂಗ್ಲಿಷರ ಹತ್ರ ಕಿಟಕಿಗೆ ಎಯಾಗ್‌ಥುರೆಲ್ ಅನ್ನೋ ಪದ ಇತ್ತು, ಕಣ್ಣಿನ ತೂತು ಅಂತ. ಆ ಪದ ಹೋಯ್ತು, ಆದ್ರೆ ತೂತು ಉಳೀತು. ನಾಸ್ಟ್ರಿಲ್ ಅಂತೀವಲ್ಲ, ಮೂಗಿನ ಹೊಳ್ಳೆ, ಅದರ ಕೊನೇಲಿರೋದು ಅದೇ ತೂತು.

ಗಾಳಿ ಯಾಕೆ ಬಂತು ಅಂದ್ರೆ ಆ ಕಾಲದ ಮನೆಗಳಿಗೆ ಗಾಜಿರಲಿಲ್ಲ, ಮನೆ ನಡುವೆ ನೆಲದ ಮೇಲೇ ಬೆಂಕಿ, ಮೇಲೆ ಮಾಡಿನಲ್ಲಿ ಹೊಗೆ ಹೋಗೋಕೆ ಒಂದು ಕಿಂಡಿ. ಇದನ್ನ ಓದ್ತಿದ್ದ ಹಾಗೇ ನನಗೆ ಮಲೆನಾಡಿನ ನಮ್ಮಜ್ಜಿ ಮನೆ ಅಡುಗೆಮನೆ ಕಣ್ಮುಂದೆ ಬಂತು. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತದೆ ಹೊಗೆ ತುಂಬ್ಕೊಂಡು, ಅಜ್ಜಿ ಊದುಕೊಳವೆ ಹಿಡಿದು ಕಣ್ಣೊರೆಸ್ಕೋತಾ ಕೂತಿರೋರು, ಮೇಲಿನ ಗವಾಕ್ಷಿಯಿಂದ ಒಂದು ಬಿಸಿಲುಕೋಲು ಇಳಿದು ಆ ಹೊಗೆ ಅದರೊಳಗೆ ನಿಧಾನಕ್ಕೆ ತಿರುಗ್ತಾ ಮೇಲಕ್ಕೆ ಹೋಗೋದು.

ಗವಾಕ್ಷಿ ಅಂದ್ರೇನು ಹೇಳಿ? ಸಂಸ್ಕೃತದ ಗವಾಕ್ಷ, ಗೋವಿನ ಕಣ್ಣು. ಫ್ರೆಂಚರೂ ದುಂಡನೆ ಪುಟ್ಟ ಕಿಟಕಿಗೆ ಎತ್ತಿನ ಕಣ್ಣು ಅಂತಾನೇ ಕರೀತಾರೆ. ಆದ್ರೆ ನನ್ನ ಮೈ ಜುಮ್ಮೆನಿಸಿದ್ದು ಬೇರೆ ವಿಷಯ. ಸಂಸ್ಕೃತದ ಅಕ್ಷಿ, ನಾರ್ಸಿನ ಔಗ, ಇಂಗ್ಲಿಷಿನ ಐ, ಮೂರೂ ಸಾವಿರಾರು ವರ್ಷ ಹಿಂದಿನ ಒಂದೇ ಬೇರಿಂದ ಬಂದಿವೆ ಅಂತಾರೆ ಭಾಷಾಶಾಸ್ತ್ರಜ್ಞರು, ವಿಂಡ್ ಅನ್ನೋದೂ ನಮ್ಮ ವಾತಕ್ಕೆ ನೆಂಟನೇ. ಅಂದ್ರೆ ನಾರ್ವೆ ಕಡೆಯ ಆ ಹೊಗೆ ಕಿಂಡೀಲೂ ನಮ್ಮಜ್ಜಿ ಒಲೆ ಮೇಲಿನ ಗವಾಕ್ಷೀಲೂ ಇದ್ದಿದ್ದು ಒಂದೇ ಕಣ್ಣು.