ಕಾಟ್ಸ್‌ವೋಲ್ಡ್ಸ್‌ನಲ್ಲಿ ಮೂರು ದಿನ ಸೈಕಲ್: ನಾವು ಹೋದ ದಾರಿ ಹಿಡಿಯಿರಿ, ದಿಕ್ಕನ್ನಲ್ಲ

ಮೊದಲೇ ಹೇಳಿಬಿಡುತ್ತೇನೆ. ನಾವು ಹೋದ ದಾರಿ ಸರಿಯಾಗಿತ್ತು, ಹೋದ ದಿಕ್ಕು ತಪ್ಪಾಗಿತ್ತು. ಇಂಗ್ಲೆಂಡಿನಲ್ಲಿ ಗಾಳಿ ಹೆಚ್ಚಿನ ದಿನ ನೈರುತ್ಯದಿಂದ ಬೀಸುತ್ತದೆ. ನಾವು ಕಾಟ್ಸ್‌ವೋಲ್ಡ್ಸ್ ಎಂಬ ದಿಬ್ಬಗಳ ಸೀಮೆಯ ಈಶಾನ್ಯ ಮೂಲೆಯ ಮೋರ್ಟನ್-ಇನ್-ಮಾರ್ಷ್‌ನಿಂದ ಹೊರಟು ನೈರುತ್ಯದ ಕೆಂಬಲ್ ತನಕ ಮೂರು ದಿನವೂ ಆ ಗಾಳಿಗೆ ಎದೆಯೊಡ್ಡಿಕೊಂಡೇ ತುಳಿದೆವು. ಎರಡೂ ಊರಿನಲ್ಲಿ ರೈಲು ನಿಲ್ದಾಣವಿದೆ, ಎರಡಕ್ಕೂ ಲಂಡನ್ನಿನ ಪ್ಯಾಡಿಂಗ್ಟನ್‌ನಿಂದ ರೆಡಿಂಗ್ ಮೂಲಕ ರೈಲು ಸಿಗುತ್ತದೆ. ಆದ್ದರಿಂದ ನೀವು ಕೆಂಬಲ್‌ನಲ್ಲಿ ಇಳಿದು ಮೋರ್ಟನ್‌ನಲ್ಲಿ ಹತ್ತಿ, ಗಾಳಿ ಬೆನ್ನಿಗಿರುತ್ತದೆ. ವಿವರವನ್ನು ಮಾತ್ರ ನಾವು ಹೋದ ಕ್ರಮದಲ್ಲೇ ಬರೆಯುತ್ತೇನೆ. ಕೆಳಗಿನಿಂದ ಮೇಲಕ್ಕೆ ಓದಿಕೊಂಡರೆ ಅದು ನಿಮ್ಮ ಪ್ರವಾಸವಾಗುತ್ತದೆ.

ಜೊತೆಗಿದ್ದವನು ನನ್ನ ಹೆಂಡತಿಯ ತಮ್ಮ, ಚಿಕ್ಕಮಗಳೂರಿನವನು. ರೆಡಿಂಗ್‌ನ ನಮ್ಮ ಮನೆಗೆ ಸೆಪ್ಟೆಂಬರಿನಲ್ಲಿ ಬಂದಿದ್ದ. ನಕ್ಷೆ ಹರಡಿಕೊಂಡು ಕೂತಾಗ ನಕ್ಕ. "ಚಾರ್ಮಾಡಿ ಹತ್ತಿದವನಿಗೆ ಇದೆಂಥ ಗುಡ್ಡ ಭಾವ?" ಎಂದ. ಅವನು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಇಡೀ ಕಾಟ್ಸ್‌ವೋಲ್ಡ್ಸ್‌ನ ಅತಿ ಎತ್ತರದ ಜಾಗ 330 ಮೀಟರ್, ಅದೂ ನಮ್ಮ ದಾರಿಯಲ್ಲಿಲ್ಲ. ಆದರೆ ನಮ್ಮ ಘಾಟಿ ರಸ್ತೆ ತಿರುವು ಹಾಕುತ್ತಾ ಒಂದೇ ಸಮನೆ ಏರುತ್ತದೆ, ಕಾಲಿಗೆ ಒಂದು ಲಯ ಸಿಕ್ಕಿಬಿಡುತ್ತದೆ. ಇಲ್ಲಿನ ಹಳ್ಳಿದಾರಿಗಳಿಗೆ ಆ ಸೌಜನ್ಯವಿಲ್ಲ. ಹಳ್ಳಕ್ಕೆ ನೇರವಾಗಿ ಇಳಿದು, ಎದುರಿನ ದಿಬ್ಬಕ್ಕೆ ಅಷ್ಟೇ ನೇರವಾಗಿ ಹತ್ತುತ್ತವೆ. ಅರ್ಧ ಕಿಲೋಮೀಟರಿನ ಏರು, ಒಂದು ನಿಮಿಷದ ಇಳಿಜಾರು, ಮತ್ತೆ ಏರು. ಎರಡನೇ ದಿನ ಮಧ್ಯಾಹ್ನದ ಹೊತ್ತಿಗೆ ಚಾರ್ಮಾಡಿಯ ಮಾತು ನಿಂತಿತ್ತು.

ನೆಲದ ರಚನೆ ತಿಳಿದಿದ್ದರೆ ದಾರಿ ಆಯ್ಕೆ ಸುಲಭ. ಈ ಪ್ರದೇಶ ಒಂದು ಕಡೆಗೆ ವಾಲಿಸಿಟ್ಟ ಸುಣ್ಣಕಲ್ಲಿನ ಹಲಗೆಯಂತಿದೆ. ಪಶ್ಚಿಮದ ಅಂಚು ಕಡಿದಾಗಿ ಬೀಳುತ್ತದೆ, ಆಗ್ನೇಯದ ಕಡೆ ನಿಧಾನವಾಗಿ ಇಳಿಯುತ್ತದೆ. ವಿಂಡ್‌ರಶ್, ಕೋಲ್ನ್ ಮುಂತಾದ ಹೊಳೆಗಳು ಈ ಇಳಿಜಾರಿನಲ್ಲೇ ಹರಿದು ಥೇಮ್ಸ್ ಸೇರುತ್ತವೆ. ಹಳ್ಳಿಗಳೆಲ್ಲ ನೀರಿನ ಬಳಿ, ಕಣಿವೆಯಲ್ಲಿವೆ. ಹೊಳೆಯ ಜೊತೆಗೇ ಹೋದರೆ ಸುಖ, ಹೊಳೆ ದಾಟಿ ಇನ್ನೊಂದು ಹೊಳೆಗೆ ಹೋದರೆ ದಿಬ್ಬ. ನಮ್ಮ ಇಡೀ ದಾರಿ ಹತ್ತಿರ ಹತ್ತಿರ ಎಂಬತ್ತು ಕಿಲೋಮೀಟರ್. ಮೂರು ದಿನಕ್ಕೆ ಇದು ಕಡಿಮೆಯಾಯಿತು ಎನ್ನಿಸಬಹುದು. ಅನ್ನಿಸಲಿ, ಹೆಚ್ಚಿಸಬೇಡಿ.

ಇಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ 1:50,000 ಅಳತೆಯ 163ನೇ ನಕ್ಷೆ ಕೊಂಡುಕೊಳ್ಳಿ, ದಾರಿ ಬಹುಪಾಲು ಅದೊಂದರಲ್ಲೇ ಸಿಗುತ್ತದೆ. ಮೊಬೈಲ್ ಇದ್ದೇ ಇರುತ್ತದೆ, ಆದರೆ ಕಣಿವೆಗಳಲ್ಲಿ ಸಿಗ್ನಲ್ ಕೈಕೊಡುತ್ತದೆ. ನಕ್ಷೆಯಲ್ಲಿ ರಸ್ತೆಯ ಮೇಲೆ ಬಾಣದ ತಲೆಯಂಥ ಗುರುತುಗಳಿರುತ್ತವೆ. ಒಂದು ಬಾಣವೆಂದರೆ ಏಳಕ್ಕೆ ಒಂದರಿಂದ ಐದಕ್ಕೆ ಒಂದರವರೆಗಿನ ಏರು, ಎರಡು ಬಾಣವೆಂದರೆ ಅದಕ್ಕಿಂತ ಕಡಿದು. ಎರಡು ಬಾಣ ಕಂಡಲ್ಲಿ ಬೇರೆ ದಾರಿ ನೋಡಿಕೊಳ್ಳಿ. ಮೋರ್ಟನ್, ಸ್ಟೋ, ನಾರ್ತ್‌ಲೀಚ್‌ಗಳನ್ನು ಗೆರೆ ಎಳೆದಂತೆ ಜೋಡಿಸುವ ಎ429 ರಸ್ತೆ ಬಹಳ ಆಸೆ ಹುಟ್ಟಿಸುತ್ತದೆ. ಅದು ರೋಮನ್ನರು ಹಾಕಿದ ಫಾಸ್ ವೇ. ಈಗ ಅದರ ಮೇಲೆ ಲಾರಿಗಳು ಮೈಸವರಿಕೊಂಡು ಹೋಗುತ್ತವೆ. ದಾಟಬೇಕಾದಾಗ ದಾಟಿ, ಅದರ ಮೇಲೆ ಹೋಗಬೇಡಿ.

ರೈಲಿನಲ್ಲಿ ಸೈಕಲ್ಲಿಗೆ ಜಾಗ ಬೆರಳೆಣಿಕೆಯಷ್ಟು, ಮೊದಲೇ ಕಾಯ್ದಿರಿಸಬೇಕು. ಅದಕ್ಕೆ ಬೇರೆ ದುಡ್ಡಿಲ್ಲ. ಬೀರುವಿನಂಥ ಇಕ್ಕಟ್ಟು ಜಾಗದಲ್ಲಿ ಮುಂಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ಸೈಕಲ್ಲನ್ನು ನೇತುಹಾಕಬೇಕಾಗುತ್ತದೆ. ಕ್ಯಾರಿಯರಿನ ಚೀಲಗಳನ್ನು ಪ್ಲಾಟ್‌ಫಾರಮ್ಮಿನಲ್ಲೇ ಬಿಚ್ಚಿಟ್ಟುಕೊಂಡಿರಿ. ನಾವು ಬಿಚ್ಚಿರಲಿಲ್ಲ, ಬಾಗಿಲಲ್ಲಿ ಸಿಕ್ಕಿಹಾಕಿಕೊಂಡು ಹಿಂದಿನವರೆಲ್ಲರಿಂದ ಮೌನದ ಬೈಗುಳ ತಿಂದೆವು.

ಮೊದಲ ದಿನ ಮೋರ್ಟನ್‌ನಿಂದ ಈವನ್‌ಲೋಡ್, ಆಡಲ್‌ಸ್ಟ್ರಾಪ್ ಹಾದು ಡೇಲ್ಸ್‌ಫರ್ಡ್. ಈ ಭಾಗ ಮಟ್ಟಸವಾಗಿದೆ, ಕಾಲು ಬಿಸಿಯಾಗಲು ಸರಿಯಾಗಿದೆ. ಡೇಲ್ಸ್‌ಫರ್ಡ್‌ನಲ್ಲಿ ಎಲ್ಲರೂ ನಿಲ್ಲುವುದಿಲ್ಲ, ನೀವು ನಿಲ್ಲಿ. ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರೆನ್ ಹೇಸ್ಟಿಂಗ್ಸ್ ತನ್ನ ವಂಶದ ಕೈತಪ್ಪಿದ್ದ ಈ ಜಮೀನನ್ನು 1788ರಲ್ಲಿ ಮತ್ತೆ ಕೊಂಡು ಮನೆ ಕಟ್ಟಿಸಿದ. ಅದೇ ವರ್ಷ ಪಾರ್ಲಿಮೆಂಟಿನಲ್ಲಿ ಅವನ ಮೇಲೆ ವಿಚಾರಣೆ ಶುರುವಾಗಿ ಏಳು ವರ್ಷ ನಡೆಯಿತು. 1818ರಲ್ಲಿ ಸತ್ತ, ಇಲ್ಲಿನ ಪುಟ್ಟ ಚರ್ಚಿನ ಆವರಣದಲ್ಲೇ ಸಮಾಧಿಯಿದೆ. ಹೈದರಾಲಿ 1780ರಲ್ಲಿ ಎರಡನೇ ಮೈಸೂರು ಯುದ್ಧ ಹೂಡಿದಾಗ ಕಲ್ಕತ್ತೆಯಲ್ಲಿ ಕೂತು ಅದನ್ನು ಎದುರಿಸಿದವನು ಇವನೇ. ಶಾಲೆಯಲ್ಲಿ ಇಸವಿಗಳನ್ನು ಬಾಯಿಪಾಠ ಮಾಡಿದ್ದ ನಾವಿಬ್ಬರು ಬೆವರೊರೆಸಿಕೊಳ್ಳುತ್ತಾ ಆ ನಿಶ್ಶಬ್ದದಲ್ಲಿ ಸ್ವಲ್ಪ ಹೊತ್ತು ನಿಂತೆವು. ಮನೆ ಖಾಸಗಿಯವರದು, ಒಳಗೆ ಬಿಡುವುದಿಲ್ಲ.

ಅರ್ಧ ದಿನ ಹೆಚ್ಚಿಗೆ ಇದ್ದರೆ ಮೋರ್ಟನ್‌ನ ಪಶ್ಚಿಮಕ್ಕಿರುವ ಸೆಜಿನ್‌ಕೋಟ್ ನೋಡಿ. ಈಸ್ಟ್ ಇಂಡಿಯಾ ಕಂಪನಿಯಲ್ಲಿ ದುಡ್ಡು ಮಾಡಿ ಬಂದವರೊಬ್ಬರ ಮನೆ, ಮೊಘಲ್ ಶೈಲಿಯ ಹಸಿರು ತಾಮ್ರದ ಗುಮ್ಮಟ, ತೋಟದ ಸೇತುವೆಯ ಮೇಲೆ ಸಾಲು ನಂದಿಗಳು. ತೆರೆಯುವುದು ಗೊತ್ತಾದ ಕೆಲವು ದಿನ ಮಾತ್ರ, ವಿಚಾರಿಸಿಕೊಂಡು ಹೋಗಿ. ಅಲ್ಲಿಗೆ ಹತ್ತುವ ದೊಡ್ಡ ರಸ್ತೆ ಸೈಕಲ್ಲಿಗೆ ಹಿತವಲ್ಲ.

ಡೇಲ್ಸ್‌ಫರ್ಡ್‌ನಿಂದ ಆಡಿಂಗ್ಟನ್ ದಾಟಿ ಸ್ಟೋ-ಆನ್-ದಿ-ವೋಲ್ಡ್. ಇದು ದಿಬ್ಬದ ತಲೆಯ ಮೇಲಿನ ಊರು. ಏರಿ ಬಂದು ಬೆವರಿದ ಮೈಗೆ ಗಾಳಿ ಹೊಡೆದು ನಡುಕ ಬರುತ್ತದೆ, ಒಂದು ತೆಳು ಜಾಕೆಟ್ ಚೀಲದ ಮೇಲ್ಭಾಗದಲ್ಲೇ ಇರಲಿ. ಅಲ್ಲಿಂದ ಲೋವರ್ ಸ್ವೆಲ್ ಮೂಲಕ ಅಪ್ಪರ್ ಸ್ಲಾಟರ್, ಲೋವರ್ ಸ್ಲಾಟರ್ ಎಂಬ ಜೋಡಿ ಹಳ್ಳಿಗಳು. ಹೆಸರಿಗೂ ಕಡಿಯುವುದಕ್ಕೂ ಸಂಬಂಧವಿಲ್ಲ, ಹಳೆಯ ಇಂಗ್ಲಿಷಿನಲ್ಲಿ ಕೆಸರುನೆಲ ಎಂಬ ಅರ್ಥದ ಮಾತಂತೆ. ಮೊಣಕಾಲುದ್ದದ ಹೊಳೆ, ಜೇನುಬಣ್ಣದ ಕಲ್ಲುಮನೆಗಳು, ಹಳೆಯ ಗಿರಣಿ. ರಾತ್ರಿ ತಂಗಿದ್ದು ಬೋರ್ಟನ್-ಆನ್-ದಿ-ವಾಟರ್‌ನಲ್ಲಿ. ಹಗಲಲ್ಲಿ ಜಾತ್ರೆಯಷ್ಟು ಜನ. ಸಂಜೆ ಆರರ ಮೇಲೆ ಪ್ರವಾಸಿ ಬಸ್ಸುಗಳು ಹೋದ ನಂತರ ವಿಂಡ್‌ರಶ್ ಹೊಳೆಯ ಮೇಲಿನ ತಗ್ಗು ಸೇತುವೆಗಳು ನಿಮಗೂ ಬಾತುಕೋಳಿಗಳಿಗೂ ಮಾತ್ರ. ಶನಿವಾರ ಬೇಡ, ಹಲವು ಕಡೆ ಎರಡು ರಾತ್ರಿಗೆ ಕಡಿಮೆ ಕೋಣೆ ಕೊಡುವುದಿಲ್ಲ.

ಎರಡನೇ ದಿನದ ಬೆಳಗ್ಗೆಯೇ ಈ ಪ್ರವಾಸದ ಪರೀಕ್ಷೆ. ಕೋಲ್ಡ್ ಆಸ್ಟನ್, ಟರ್ಕ್‌ಡೀನ್ ಮೂಲಕ ನಾರ್ತ್‌ಲೀಚ್‌ಗೆ ದೂರ ಹೆಚ್ಚಿಲ್ಲ, ಆದರೆ ಕಣಿವೆಗಳನ್ನು ಅಡ್ಡಡ್ಡ ದಾಟಬೇಕು. ಟರ್ಕ್‌ಡೀನ್ ಬಳಿ ಮರಗಳ ಕತ್ತಲಲ್ಲಿ, ಒದ್ದೆ ಎಲೆಯ ಮೇಲೆ, ಏರು ಶುರುವಾದ ಮೇಲೆ ನಾನು ಗೇರ್ ಬದಲಿಸಿದೆ. ಚೈನ್ ಕಳಚಿ ಬಿತ್ತು, ಸೈಕಲ್ ನಿಂತಿತು, ನಾನು ಬೇಲಿಯ ಬುಡದ ತುರುಚೆ ಗಿಡಕ್ಕೆ ಬಿದ್ದೆ. ಹಿಂದಿದ್ದ ಟ್ರ್ಯಾಕ್ಟರಿನ ಅಜ್ಜ ಎಂಜಿನ್ ಆರಿಸಿ, ನಾನು ಚೈನ್ ಏರಿಸುವ ತನಕ ಕಾದು, ಕೈ ಎತ್ತಿ ಹೋದ. ಮೈದುನ ಮೇಲೆ ನಿಂತು ಫೋಟೋ ತೆಗೆಯುತ್ತಿದ್ದ. ಇಳಿಜಾರಿನ ಕೊನೆಯಲ್ಲೇ ಹಗುರ ಗೇರಿಗೆ ಬನ್ನಿ. ಬಾಡಿಗೆ ಸೈಕಲ್ ತೆಗೆದುಕೊಳ್ಳುವವರು ಹಲ್ಲು ಎಣಿಸಿ ನೋಡಿ. ಮುಂದಿನ ಚಿಕ್ಕ ಚಕ್ರದ ಹಲ್ಲಿಗಿಂತ ಹಿಂದಿನ ದೊಡ್ಡ ಚಕ್ರದ ಹಲ್ಲು ಕಡಿಮೆಯಿರಬಾರದು. ಓಟದ ಸೈಕಲ್ ಕೊಟ್ಟರೆ ಬೇಡವೆನ್ನಿ.

ನಾರ್ತ್‌ಲೀಚ್‌ನ ಚರ್ಚು ಊರಿನ ಗಾತ್ರಕ್ಕೆ ಮೀರಿದ್ದು. ಕಟ್ಟಿದ್ದು ಉಣ್ಣೆಯ ಹಣ. ನೆಲದ ಹಿತ್ತಾಳೆ ಫಲಕಗಳಲ್ಲಿ ವರ್ತಕರ ಚಿತ್ರಗಳಿವೆ, ಕಾಲ ಬುಡದಲ್ಲಿ ಕುರಿ ಮತ್ತು ಉಣ್ಣೆಮೂಟೆ. ಊಟಕ್ಕೆ ಇಲ್ಲೇ ನಿಲ್ಲಿ, ತಡ ಮಾಡಬೇಡಿ. ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ಮಧ್ಯಾಹ್ನ ಎರಡು, ಎರಡೂವರೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆಯೇ. ಸಸ್ಯಾಹಾರಿಗಳಿಗೆ ಸಿಪ್ಪೆಸಹಿತ ಸುಟ್ಟ ಆಲೂಗಡ್ಡೆಯ ಮೇಲೆ ಬೀನ್ಸ್ ಮತ್ತು ಚೀಸ್, ಅಥವಾ ದಿನದ ಸೂಪು. ಸೂಪಿಗೆ ಏನು ಹಾಕಿದ್ದಾರೆಂದು ಕೇಳಿ. ನನ್ನ ಹೆಂಡತಿ ಕಟ್ಟಿಕೊಟ್ಟ ಚಟ್ನಿಪುಡಿ ಮೂರೂ ದಿನ ಆಲೂಗಡ್ಡೆಯ ಮಾನ ಉಳಿಸಿತು.

ಮಧ್ಯಾಹ್ನದ ಮೇಲಿನದೇ ಈ ಪ್ರವಾಸದ ಬೆಣ್ಣೆ. ಕೋಲ್ನ್ ಸೇಂಟ್ ಡೆನಿಸ್, ಕೋಲ್ನ್ ರಾಜರ್ಸ್, ವಿನ್ಸನ್, ಆಬ್ಲಿಂಗ್ಟನ್ ಎಂದು ಹೊಳೆ ಹರಿದಂತೆ ಬೈಬರಿಯ ತನಕ ಹೋಗುವ ಸಣ್ಣ ದಾರಿ. ಗಾಳಿಗೂ ದಿಬ್ಬ ಅಡ್ಡವಾಗುತ್ತದೆ. ಬೇಲಿಯಲ್ಲಿ ಬ್ಲ್ಯಾಕ್‌ಬೆರಿ ಹಣ್ಣಾಗಿದ್ದವು, ತಿನ್ನುವುದಕ್ಕೇ ಹತ್ತು ಸಲ ಇಳಿದಿರಬೇಕು. ಒಂದು ಕಡೆ ಎದುರಿಗೆ ಕುದುರೆ ಸವಾರರು ಬಂದರು. ಆಗ ವೇಗ ತಗ್ಗಿಸಿ, ಅಗಲವಾಗಿ ಬಿಟ್ಟು ಹೋಗಿ. ಹಿಂದಿನಿಂದ ದಾಟುವಾಗ ಗಂಟೆ ಹೊಡೆಯದೆ ದೂರದಿಂದಲೇ ಬಾಯಿಮಾತಿನಲ್ಲಿ ಕೂಗಿ ಹೇಳಿ, ಕುದುರೆ ಬೆದರುವುದಿಲ್ಲ. ಹೊಲದೊಳಗೆ ಹೋಗುವ ಕಾಲುದಾರಿ ಚಂದ ಕಂಡರೂ ಹಳದಿ ಬಾಣದ ಗುರುತಿದ್ದರೆ ಸೈಕಲ್ಲಿಗೆ ಹಕ್ಕಿಲ್ಲ. ನೀಲಿ ಬಾಣವಿದ್ದರೆ ಹೋಗಬಹುದು, ಕೆಸರು ನಿಮ್ಮ ಜವಾಬ್ದಾರಿ.

ಬೈಬರಿಯ ಆರ್ಲಿಂಗ್ಟನ್ ರೋ ಹದಿನಾಲ್ಕನೇ ಶತಮಾನದ ಉಣ್ಣೆ ಉಗ್ರಾಣ, ಮುಂದೆ ನೇಕಾರರ ಮನೆಗಳಾಯಿತು. ನೋಡಬೇಕಾದ್ದೇ. ಬೆಳಗ್ಗೆ ಎಂಟರೊಳಗೆ ನೋಡಿ ಹೊರಟುಬಿಡಿ.

ಮೂರನೇ ದಿನ ರೆಡಿ ಟೋಕನ್ ಎಂಬ ವಿಚಿತ್ರ ಹೆಸರಿನ ಕೂಡುರಸ್ತೆಯ ಬಳಿ ಮೊದಲ ಪಂಕ್ಚರ್, ಮುಂದೆ ಎರಡನೆಯದು. ಎರಡಕ್ಕೂ ಒಂದೇ ಕಾರಣ. ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಹಕ್ಕಿ ಗೂಡುಗಳ ಸಲುವಾಗಿ ರೈತರು ಬೇಲಿ ಕತ್ತರಿಸುವಂತಿಲ್ಲ. ಸೆಪ್ಟೆಂಬರ್ ಬಂತೆಂದರೆ ಯಂತ್ರ ಹೊರಡುತ್ತದೆ, ಹಾಥಾರ್ನ್ ಮುಳ್ಳು ರಸ್ತೆ ತುಂಬ ಬಿದ್ದಿರುತ್ತದೆ. ಹೊಸದಾಗಿ ಕತ್ತರಿಸಿದ ಬೇಲಿ ಕಂಡರೆ ಇಳಿದು ತಳ್ಳಿಕೊಂಡು ಹೋಗಿ. ಸೈಕಲ್ಲಿಗೆ ಎರಡೆರಡು ಟ್ಯೂಬ್ ಇರಲಿ. ತೂತು ಮುಚ್ಚಿದ ಮೇಲೆ ಟೈರಿನ ಒಳಗೆ ಬೆರಳಾಡಿಸಿ, ಮುಳ್ಳಿನ ತುದಿ ಅಲ್ಲೇ ಉಳಿದಿರುತ್ತದೆ. ನಾನು ಆಡಿಸಲಿಲ್ಲ, ಎರಡನೇ ಪಂಕ್ಚರ್ ಆದದ್ದೇ ಹಾಗೆ. ಮುಳ್ಳಿನ ಕಾಟ ಬೇಡವೆಂದರೆ ಮೇ, ಜೂನ್ ತಿಂಗಳಲ್ಲಿ ಹೋಗಿ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಬ್ಲ್ಯಾಕ್‌ಬೆರಿ ಇರುವುದಿಲ್ಲ.

ಆಂಪ್ನಿ ಕ್ರೂಸಿಸ್ ಬಳಿ ಸ್ವಲ್ಪ ದೂರ ದೊಡ್ಡ ರಸ್ತೆ ತಪ್ಪುವುದಿಲ್ಲ, ಹಿಂದಿನ ಕೆಂಪು ದೀಪ ಹಗಲಲ್ಲೂ ಹಾಕಿಕೊಳ್ಳಿ. ಸೈರನ್ಸೆಸ್ಟರ್‌ನಲ್ಲಿ ರೋಮನ್ ಕಾಲದ ವಸ್ತುಗಳ ಒಳ್ಳೆಯ ಮ್ಯೂಸಿಯಂ ಇದೆ, ಆದರೆ 1964ರಿಂದ ರೈಲಿಲ್ಲ. ಸಿಡಿಂಗ್ಟನ್, ಯೂವನ್ ದಾಟಿ ಕೆಂಬಲ್ ತಲುಪಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಯೂವನ್ ಬಳಿ ಒಂದು ಕಾಲುವೆಯಂಥ ನೀರು ದಾಟುತ್ತೀರಿ. ಲಂಡನ್ನಿನಲ್ಲಿ ಹಡಗು ತೇಲುವ ಥೇಮ್ಸ್ ಅದು. ಮೈದುನ ತಲಕಾವೇರಿಯ ಅಭ್ಯಾಸದಂತೆ ಬೊಗಸೆ ಹಾಕಲು ಹೋದ. ಹಸು ನಿಂತಿದೆ ಎಂದು ತಡೆದೆ.

ಕೆಂಬಲ್ ಪ್ಲಾಟ್‌ಫಾರಮ್ಮಿನಲ್ಲಿ ಈ ಸಲ ಚೀಲ ಬಿಚ್ಚಿಟ್ಟುಕೊಂಡೇ ಕಾದೆವು. ನಾವು ಬಂದ ದಿಕ್ಕಿಗೆ ಗಾಳಿ ಜೋರಾಗಿ ಬೀಸುತ್ತಲೇ ಇತ್ತು. "ಈಗ ತಿರುಗಿ ಹೊರಟರೆ ತುಳಿಯದೆ ಮೋರ್ಟನ್ ಮುಟ್ಟಬಹುದು ಭಾವ" ಎಂದ. ಇನ್ನೂ ಒಂದು ಟ್ಯೂಬ್ ಉಳಿದಿದ್ದರೆ ಹೂಂ ಎನ್ನುತ್ತಿದ್ದೆನೋ ಏನೋ.